ನೀರೋನ ಪಿಟೀಲು, ಸನ್ನತಿಯ ಕಲ್ಲು

ರೋಮ್ ಹೊತ್ತಿ ಉರಿಯುತ್ತಿದ್ದಾಗ ನೀರೋ ಚಕ್ರವರ್ತಿ ಪಿಟೀಲು ಬಾರಿಸುತ್ತಿದ್ದ ಎಂಬ ಮಾತು ಕನ್ನಡದಲ್ಲಿ ಗಾದೆಯಷ್ಟೇ ಬಳಕೆಯಲ್ಲಿದೆ. ಬರಗಾಲದ ವರ್ಷ ಮಂತ್ರಿಯೊಬ್ಬರು ಸನ್ಮಾನ ಸಮಾರಂಭಕ್ಕೆ ಹೋದರೆ ಸಾಕು, ವಿರೋಧ ಪಕ್ಷದವರ ಬಾಯಲ್ಲೂ ಮರುದಿನದ ಪತ್ರಿಕೆಯಲ್ಲೂ ನೀರೋ ಹಾಜರಾಗುತ್ತಾನೆ. ಪಿಟೀಲು ಇಟಲಿಯಲ್ಲಿ ರೂಪುಗೊಂಡದ್ದು 16ನೇ ಶತಮಾನದಲ್ಲಿ. ನೀರೋ ಸತ್ತದ್ದು ಕ್ರಿ.ಶ. 68ರಲ್ಲಿ. ಅವನು ನುಡಿಸುತ್ತಿದ್ದದ್ದು ಕಿತಾರಾ ಎಂಬ ತಂತಿವಾದ್ಯ. ವಾದ್ಯದ ತಪ್ಪು ಸಣ್ಣದು. ಆ ರಾತ್ರಿ ಅವನು ಏನನ್ನಾದರೂ ನುಡಿಸಿದನೇ, ಹಾಡಿದನೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಬೆಂಕಿ ಬಿದ್ದದ್ದು 64ರ ಜುಲೈನಲ್ಲಿ. ಅದನ್ನು ವಿವರವಾಗಿ ಬರೆದವರಲ್ಲಿ ಇಂದು ನಮಗೆ ಉಳಿದಿರುವವರು ಮುಖ್ಯವಾಗಿ ಮೂವರು. ಟಾಸಿಟಸ್ ಆಗ ಎಂಟರ ಆಸುಪಾಸಿನ ಹುಡುಗ. ತನ್ನ ಗ್ರಂಥ ಬರೆದದ್ದು ಐವತ್ತು ವರ್ಷ ಕಳೆದ ಮೇಲೆ. ಸುಯಟೋನಿಯಸ್ ಆಗಿನ್ನೂ ಹುಟ್ಟಿರಲಿಲ್ಲ. ಕ್ಯಾಸಿಯಸ್ ಡಿಯೋ ಬರೆದದ್ದು 3ನೇ ಶತಮಾನದಲ್ಲಿ. ಟಾಸಿಟಸನ ಪ್ರಕಾರ ಬೆಂಕಿ ಹತ್ತಿದಾಗ ನೀರೋ ಊರಲ್ಲೇ ಇರಲಿಲ್ಲ, ಕಡಲತೀರದ ಆಂಟಿಯಮ್‌ನಲ್ಲಿದ್ದ. ಹಿಂದಿರುಗಿದ ಮೇಲೆ ತನ್ನ ತೋಟಗಳನ್ನು ಮನೆ ಕಳೆದುಕೊಂಡವರಿಗೆ ಬಿಟ್ಟುಕೊಟ್ಟ, ಧಾನ್ಯ ತರಿಸಿದ, ಅದರ ಬೆಲೆ ಇಳಿಸಿದ. ಇಷ್ಟೆಲ್ಲ ಮಾಡಿದರೂ, ಅರಮನೆಯ ಖಾಸಗಿ ರಂಗದ ಮೇಲೆ ನಿಂತು ಟ್ರಾಯ್ ನಗರದ ನಾಶವನ್ನು ಹಾಡಿದನಂತೆ ಎಂಬ ಗಾಳಿಸುದ್ದಿ ಹರಡಿತು ಎಂದು ಟಾಸಿಟಸ್ ಹೇಳುತ್ತಾನೆ. ಸುಯಟೋನಿಯಸನಲ್ಲಿ ಆ ‘ಅಂತೆ’ ಬಿದ್ದುಹೋಗುತ್ತದೆ: ನೀರೋ ಗೋಪುರ ಹತ್ತಿ, ನಾಟಕದ ವೇಷ ತೊಟ್ಟು, ಪೂರ್ತಿ ಹಾಡುತ್ತಾನೆ. ಡಿಯೋ ಹೊತ್ತಿಗೆ ಅವನು ಅರಮನೆಯ ಮಾಳಿಗೆಯ ಮೇಲಿದ್ದಾನೆ. ಘಟನೆಯಿಂದ ದೂರ ಹೋದಷ್ಟೂ ಅನುಮಾನ ಕಡಿಮೆಯಾಗಿ ಚಿತ್ರ ನಿಚ್ಚಳವಾಗುತ್ತ ಹೋಗಿದೆ. ಉಳಿದದ್ದು ಚಿತ್ರವೇ.

ರೋಮಿನ ಬಗ್ಗೆ ಜನಕ್ಕಿರುವ ಮೋಹದ ಬಹುಭಾಗ ಇಂಥ ನಿಚ್ಚಳ ಚಿತ್ರಗಳಿಂದ ಕಟ್ಟಿದ್ದು. 2000ದಲ್ಲಿ ಬಂದ ‘ಗ್ಲಾಡಿಯೇಟರ್’ ಚಿತ್ರದಲ್ಲಿ ಕೊಮೊಡಸ್ ಚಕ್ರವರ್ತಿ ಅಖಾಡದಲ್ಲಿ ಸಾಯುತ್ತಾನೆ. ನಿಜವಾಗಿ ಅವನನ್ನು 192ರ ಕೊನೆಯ ದಿನ ನಾರ್ಸಿಸಸ್ ಎಂಬ ಕುಸ್ತಿಪಟು ಕತ್ತು ಹಿಸುಕಿ ಕೊಂದ. ಹೆಬ್ಬೆರಳನ್ನು ಕೆಳಕ್ಕೆ ತೋರಿಸಿದರೆ ಸೋತವನಿಗೆ ಸಾವು ಎಂಬುದು ಬೇರೂರಿದ್ದು 1872ರಲ್ಲಿ ಫ್ರೆಂಚ್ ಕಲಾವಿದ ಜೆರೋಮ್ ಬರೆದ ಒಂದು ವರ್ಣಚಿತ್ರದಿಂದ. ಲ್ಯಾಟಿನ್ ಬರಹಗಳಲ್ಲಿ ಹೆಬ್ಬೆರಳು ತಿರುಗಿಸುವ ಮಾತಿದೆ, ಯಾವ ಕಡೆಗೆ ಎಂಬುದಿಲ್ಲ.

ಮೂಲಗಳ ಸ್ಥಿತಿಯನ್ನು ನೋಡಿದರೆ ಎಚ್ಚರಿಕೆ ಇನ್ನಷ್ಟು ಬೇಕೆನಿಸುತ್ತದೆ. ರೋಮ್ ಹುಟ್ಟಿದ ಕಥೆಯಿಂದ ತನ್ನ ಕಾಲದವರೆಗಿನ ಇತಿಹಾಸವನ್ನು ಲಿವಿ 142 ಸಂಪುಟಗಳಲ್ಲಿ ಬರೆದ, ಉಳಿದಿರುವುದು 35. ಟಾಸಿಟಸನ ‘ಅನಾಲ್ಸ್’ ಕೃತಿಯ ಮೊದಲ ಆರು ಭಾಗಗಳು ಬಂದಿರುವುದು 9ನೇ ಶತಮಾನದ ಒಂದೇ ಒಂದು ಹಸ್ತಪ್ರತಿಯಿಂದ. ಆ ಒಂದು ಪ್ರತಿ ಕಳೆದುಹೋಗಿದ್ದರೆ ಟೈಬೀರಿಯಸ್ ಚಕ್ರವರ್ತಿಯ ಬಗ್ಗೆ ಇಂದು ತಿಳಿದಿರುವುದು ಬೇರೆಯೇ ಆಗಿರುತ್ತಿತ್ತು. ಟಾಸಿಟಸ್ ಸೆನೆಟ್ ಸಭೆಯ ಸದಸ್ಯ. ಆ ವರ್ಗಕ್ಕೆ ಚಕ್ರವರ್ತಿಗಳ ಮೇಲೆ ಇದ್ದ ಹಳೆಯ ಸಿಟ್ಟು ಅವನ ಪ್ರತಿ ಪುಟದಲ್ಲೂ ಇದೆ. ಇದರಿಂದ ಅವನು ಸುಳ್ಳುಗಾರನಾಗುವುದಿಲ್ಲ. ಯಾರು, ಯಾವಾಗ, ಯಾರಿಗಾಗಿ ಬರೆದರು, ಆ ಬರಹ ನಮ್ಮ ಕೈಗೆ ಹೇಗೆ ಬಂತು ಎಂಬುದನ್ನು ತಿಳಿದು ಓದಬೇಕಾಗುತ್ತದೆ ಅಷ್ಟೆ.

ಈ ಪ್ರಶ್ನೆ ಕಲಬುರಗಿಯ ಓದುಗರಿಗೆ ದೂರದ್ದೇನಲ್ಲ. ಶರಣಸಿರಸಗಿಯಿಂದ ಕಮಲಾಪುರದವರೆಗೆ ಹಬ್ಬಿದ ಎರೆಭೂಮಿಯ ಈ ಸೀಮೆ ಒಂದು ಕಾಲದಲ್ಲಿ ರೋಮಿನ ವ್ಯಾಪಾರದ ನಕ್ಷೆಯಲ್ಲೇ ಕಾಣಿಸಿಕೊಂಡಿತ್ತು. ಹಾಗೆ ಕಾಣಿಸಿದ್ದು ಪುರಾತನ ರೋಮನ್ನರಿಂದಲ್ಲ, 19ನೇ ಶತಮಾನದ ವಿದ್ವಾಂಸರ ಊಹೆಯಿಂದ ಎಂಬುದು ಬೇರೆ ಮಾತು.

ಕ್ರಿ.ಶ. 1ನೇ ಶತಮಾನದ ಮಧ್ಯದಲ್ಲಿ, ಈಜಿಪ್ಟಿನಲ್ಲಿದ್ದ ಹೆಸರಿಲ್ಲದ ಗ್ರೀಕ್ ವರ್ತಕನೊಬ್ಬ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ಪುಸ್ತಕ ಬರೆದ. ಕೆಂಪು ಸಮುದ್ರದಿಂದ ಭಾರತದ ಪಶ್ಚಿಮ ಕರಾವಳಿಯ ಬಂದರುಗಳವರೆಗೆ ಯಾವ ಊರಲ್ಲಿ ಏನು ಕೊಳ್ಳಬಹುದು, ಏನು ಮಾರಬಹುದು ಎಂಬ ವ್ಯಾಪಾರಿಗಳ ಕೈಪಿಡಿ ಅದು. ಭರುಚ್ ಬಂದರಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನದ ದಾರಿಯಲ್ಲಿ ಪೈಠಣ, ಅಲ್ಲಿಂದ ಪೂರ್ವಕ್ಕೆ ಹತ್ತು ದಿನದ ದಾರಿಯಲ್ಲಿ ತಗರ ಎಂಬ ಬಹು ದೊಡ್ಡ ಪಟ್ಟಣ ಎಂದು ಅವನು ಬರೆಯುತ್ತಾನೆ. ಪೈಠಣದಿಂದ ಗೋಮೇಧಿಕದಂಥ ಪಟ್ಟೆಗಲ್ಲು, ತಗರದಿಂದ ಒರಟು ಬಟ್ಟೆಯೂ ನಯವಾದ ಮಸ್ಲಿನ್ನೂ ಬಂಡಿಗಳಲ್ಲಿ ದಾರಿಯಿಲ್ಲದ ಕಾಡುಮೇಡು ದಾಟಿ ಭರುಚ್‌ಗೆ ಬರುತ್ತಿದ್ದವು.

ಈ ತಗರ ಯಾವುದು? ದೌಲತಾಬಾದ್ ಎಂದರು ಕೆಲವರು, ಜುನ್ನರ್ ಎಂದರು ಕೆಲವರು. ಭೂಗೋಳ ವಿದ್ವಾಂಸ ಹೆನ್ರಿ ಯೂಲ್ ಅದನ್ನು ಕಲಬುರಗಿಯ ಮೇಲೆ ಇಟ್ಟರು: ಪೈಠಣದಿಂದ ಆಗ್ನೇಯಕ್ಕೆ ಸುಮಾರು 150 ಮೈಲಿ, ಹತ್ತು ದಿನದ ಬಂಡಿಯ ಲೆಕ್ಕಕ್ಕೆ ಸರಿಹೋಗುತ್ತದೆ ಎಂಬುದು ವಾದ. ನಡಿಗೆಯ ಲೆಕ್ಕ ಒಪ್ಪಿದರೂ ಊರಿನ ಹೆಸರಿಗೂ ಮಣ್ಣಿಗೂ ಆ ವಾದ ಹೊಂದಲಿಲ್ಲ. ಕೊನೆಗೆ 1901ರಲ್ಲಿ ಶಾಸನತಜ್ಞ ಜೆ.ಎಫ್. ಫ್ಲೀಟ್, ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂದು ತೋರಿಸಿಕೊಟ್ಟರು. ಆಳಂದ ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಜಿಲ್ಲೆ ಅದು. ಶಿಲಾಹಾರ ಅರಸರು ತಮ್ಮ ಶಾಸನಗಳಲ್ಲಿ ಹೊತ್ತ ‘ತಗರಪುರವರಾಧೀಶ್ವರ’ ಎಂಬ ಬಿರುದು ಆ ಪಟ್ಟಣದ ಹಳೆಯ ಹಿರಿಮೆಯ ನೆನಪು. ಮುಂದೆ ತೇರ್‌ನಲ್ಲಿ ರೋಮನ್ ಮಾದರಿಯ ದೀಪಗಳು, ಬಿಳಿ ಜೇಡಿಮಣ್ಣಿನ ಬೊಂಬೆಗಳು, ಪೊಂಪೆಯಲ್ಲಿ ಸಿಕ್ಕ ದಂತದ ಸ್ತ್ರೀಮೂರ್ತಿಯನ್ನು ಹೋಲುವ ಒಂದು ದಂತದ ಮೂರ್ತಿ ದೊರೆತವು. ಅಲ್ಲಿನ ಲಾಮತುರೆ ವಸ್ತುಸಂಗ್ರಹಾಲಯದಲ್ಲಿ ಇಂಥ ಬಹಳಷ್ಟು ವಸ್ತುಗಳಿವೆ. ಕಲಬುರಗಿ ತಗರದ ಪಟ್ಟ ಕಳೆದುಕೊಂಡಿತು. ಆದರೆ ಪೆರಿಪ್ಲಸ್‌ನ ವರ್ತಕ ತಾನು ಕಣ್ಣಾರೆ ಕಾಣದ ಒಳನಾಡಿನ ಬಗ್ಗೆಯೂ ಸುಮಾರಾಗಿ ಸರಿಯಾದ ಮಾತನ್ನೇ ಹೇಳಿದ್ದ ಎಂಬುದು ಖಚಿತವಾಯಿತು. ಭರುಚ್‌ನ ಉಬ್ಬರ ಇಳಿತದ ಅಪಾಯವನ್ನು ಅವನು ಅನುಭವಿಯ ನಿಖರತೆಯಿಂದ ವರ್ಣಿಸುತ್ತಾನೆ, ಗಂಗೆಯ ಆಚೆಗೆ ಹೋದಂತೆ ಕಿವಿಮಾತಿಗೆ ಜಾರುತ್ತಾನೆ. ಈ ಪುಸ್ತಕವೂ ನಿಂತಿರುವುದು ಹೈಡಲ್‌ಬರ್ಗ್‌ನಲ್ಲಿರುವ 10ನೇ ಶತಮಾನದ, ತಪ್ಪುಗಳಿಂದ ತುಂಬಿದ ಒಂದು ಹಸ್ತಪ್ರತಿಯ ಮೇಲೆ.

ಪೆರಿಪ್ಲಸ್‌ಗಿಂತ ಹೆಚ್ಚು ಜನ ಬಲ್ಲದ್ದು ರೋಮನ್ ಲೇಖಕ ಪ್ಲಿನಿಯ ದೂರು. ‘ಪ್ರಕೃತಿ ಚರಿತ್ರೆ’ ಎಂಬ 37 ಸಂಪುಟಗಳ ಗ್ರಂಥದಲ್ಲಿ ಅವನು, ಭಾರತವು ರೋಮ್ ಸಾಮ್ರಾಜ್ಯದಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಹೀರಿಕೊಳ್ಳುತ್ತದೆ, ಅದಕ್ಕೆ ಬದಲಾಗಿ ಬರುವ ಸರಕು ಇಲ್ಲಿ ನೂರು ಪಟ್ಟು ಬೆಲೆಗೆ ಮಾರಾಟವಾಗುತ್ತದೆ ಎಂದು ಬರೆದ. ಇನ್ನೊಂದು ಕಡೆ ಭಾರತ, ಚೀನಾ, ಅರೇಬಿಯಾ ಮೂರೂ ಸೇರಿ 10 ಕೋಟಿ ಎಂದ. ನಮ್ಮ ಭೋಗಕ್ಕೂ ನಮ್ಮ ಹೆಂಗಸರಿಗೂ ನಾವು ತೆರುವ ಬೆಲೆ ಇದು ಎಂದು ಸೇರಿಸಿದ. ಪ್ರಾಚೀನ ಭಾರತದ ವೈಭವವನ್ನು ಹೇಳುವ ಭಾಷಣಗಳಲ್ಲಿ ಮೊದಲ ವಾಕ್ಯ ತಪ್ಪದೆ ಬರುತ್ತದೆ, ಕೊನೆಯದು ಬರುವುದಿಲ್ಲ. ಆ ಕೊನೆಯದನ್ನು ಓದಿದಾಗಲೇ ಪ್ಲಿನಿ ಲೆಕ್ಕ ಬರೆಯುವ ಗುಮಾಸ್ತನಲ್ಲ, ತನ್ನ ಕಾಲದ ಶ್ರೀಮಂತರ ದುಂದುಗಾರಿಕೆಯನ್ನು ಬೈಯುತ್ತಿರುವ ನೀತಿವಾದಿ ಎಂಬುದು ತಿಳಿಯುವುದು. ಹಾಗಾಗಿ ಬಹಳ ಕಾಲ ಇತಿಹಾಸಕಾರರು ಈ ಅಂಕಿಯನ್ನು ಉತ್ಪ್ರೇಕ್ಷೆ ಎಂದೇ ಪಕ್ಕಕ್ಕಿಟ್ಟಿದ್ದರು.

1985ರಲ್ಲಿ ಲೆಕ್ಕ ತಿರುಗಿತು. ವಿಯೆನ್ನಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ 2ನೇ ಶತಮಾನದ ಒಂದು ಪಪೈರಸ್ ಹಾಳೆ ಆ ವರ್ಷ ಪ್ರಕಟವಾಯಿತು. ಕೇರಳದ ಮುಚಿರಿಪಟ್ಟಣದ ವ್ಯಾಪಾರಕ್ಕೆ ಸಂಬಂಧಿಸಿದ ಸಾಲಪತ್ರ ಒಂದು ಬದಿ; ‘ಹೆರ್ಮಪೊಲಾನ್’ ಎಂಬ ಹಡಗಿನಲ್ಲಿ ಬಂದ ಗಂಗಾತೀರದ ಜಟಾಮಾಂಸಿ, ಆನೆದಂತ ಮೊದಲಾದ ಸರಕಿನ ಬೆಲೆ ಇನ್ನೊಂದು ಬದಿ. ಶೇ 25ರಷ್ಟು ಸುಂಕ ಕಳೆದ ಮೇಲೆ ಆ ಒಂದು ಹಡಗಿನ ಸರಕಿನ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್. ಅಂದರೆ ಪ್ಲಿನಿಯ 5 ಕೋಟಿ ಇಂಥ ಏಳೆಂಟು ಹಡಗುಗಳಿಗೆ ಸಮ. ಪ್ಲಿನಿಗಿಂತ ಮೊದಲಿನ ಸ್ಟ್ರಾಬೊ, ಕೆಂಪು ಸಮುದ್ರದ ಮಿಯೋಸ್ ಹಾರ್ಮೋಸ್ ಒಂದೇ ಬಂದರಿನಿಂದ 120 ಹಡಗುಗಳು ಭಾರತಕ್ಕೆ ಹೋಗುತ್ತವೆ ಎಂದಿದ್ದ. ಹಡಗಿನ ಸರಕು ಈಜಿಪ್ಟಿನಲ್ಲಿ ತೂಗುವ ಬೆಲೆಗೂ ಭಾರತಕ್ಕೆ ಹೋಗುವ ಹಣಕ್ಕೂ ಅಂತರವಿದೆ, ಎಲ್ಲ ಹಡಗೂ ಅಷ್ಟು ದೊಡ್ಡದಿರಲಿಲ್ಲ. ಆದರೂ ಬೈಗುಳದ ಭರದಲ್ಲಿ ಬಂದ ಪ್ಲಿನಿಯ ಅಂಕಿ ಅಸಾಧ್ಯವಾದದ್ದೇನಲ್ಲ ಎಂಬುದು ಈಗ ಸ್ಪಷ್ಟ. ಬರೆದವನ ಉದ್ದೇಶ ವಕ್ರವಾಗಿದ್ದ ಮಾತ್ರಕ್ಕೆ ಅವನ ಅಂಕಿ ಸುಳ್ಳಾಗಬೇಕಿಲ್ಲ.

ಆ ಹಣದಲ್ಲಿ ಸ್ವಲ್ಪ ಕರ್ನಾಟಕದ ನೆಲದಲ್ಲೂ ಸಿಕ್ಕಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಆಗಸ್ಟಸನಿಂದ ಕ್ಲಾಡಿಯಸನವರೆಗಿನ 163 ಬೆಳ್ಳಿ ದಿನಾರಿಗಳು ಒಂದೇ ನಿಧಿಯಾಗಿ ದೊರೆತವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256 ಸಿಕ್ಕವು. ಒಂದು ದಿನಾರಿಗೆ ನಾಲ್ಕು ಸೆಸ್ಟರ್ಸ್. ಎರಡು ನಿಧಿ ಸೇರಿದರೂ 1,700 ಸೆಸ್ಟರ್ಸ್ ಮುಟ್ಟುವುದಿಲ್ಲ. ನಿಧಿಯಿಂದ ವ್ಯಾಪಾರದ ಗಾತ್ರ ತಿಳಿಯದು, ದಾರಿ ತಿಳಿಯುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವ್ಹೀಲರ್ ಅವರಿಗೆ ಟೈಬೀರಿಯಸನ ನಾಣ್ಯ ಸಿಕ್ಕಿದ್ದು ಶಾತವಾಹನರ ಕಾಲದ ಪದರದ ಕಾಲ ನಿರ್ಣಯಕ್ಕೆ ನೆರವಾಯಿತು. ಆದರೆ ಮಣ್ಣೂ ತಪ್ಪು ಓದಿಗೆ ಒಳಗಾಗುತ್ತದೆ. ಅರಿಕಮೇಡು, ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಸಿಕ್ಕ, ತಳದಲ್ಲಿ ಗೀರುವೃತ್ತಗಳಿರುವ ನಯವಾದ ತಟ್ಟೆಗಳನ್ನು ವ್ಹೀಲರ್ ಮೆಡಿಟರೇನಿಯನ್ ಮೂಲದ್ದೆಂದು ಭಾವಿಸಿದ್ದರು. ಆ ಮಡಿಕೆಗಳು ಭಾರತದಲ್ಲೇ ತಯಾರಾದವು ಎಂಬುದು ಈಗ ವಿದ್ವಾಂಸರ ಒಮ್ಮತ. ರೋಮಿನ ಮೋಹ ಭಾಷಣಕಾರರನ್ನಷ್ಟೇ ಹಿಡಿದದ್ದಲ್ಲ.

2ನೇ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಬನವಾಸಿ ಗುರುತಿಸುವಂತಿದೆ. ವೈಡೂರ್ಯ ಸಿಗುವ ಪುನ್ನಾಟ ಇದೆ. ಮುದಗಲ್ಲನ್ನು ಹೋಲುವ ಹೆಸರೂ ಇದೆ. ಪೈಠಣದಲ್ಲಿ ಆಳುವವನ ಹೆಸರು ಗ್ರೀಕರ ಬಾಯಲ್ಲಿ ಸಿರೊಪೊಲೆಮಾಯೊಸ್ ಆಗಿದೆ. ಅವನು ಶಾತವಾಹನರ ಶ್ರೀ ಪುಳುಮಾವಿ. ಹೆಸರುಗಳು ಇಷ್ಟು ಸರಿ ಇದ್ದರೂ ನಕ್ಷೆ ಪೂರಾ ಸೊಟ್ಟ: ಪರ್ಯಾಯ ದ್ವೀಪದ ಮೊನೆಯೇ ಇಲ್ಲದೆ ಭಾರತದ ಪಶ್ಚಿಮ ತೀರ ಪೂರ್ವದಿಕ್ಕಿಗೆ ಮಲಗಿದೆ. ಟಾಲೆಮಿ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಹಡಗಿನವರ ದಿನದ ಲೆಕ್ಕವನ್ನು ಅಕ್ಷಾಂಶ ರೇಖಾಂಶಗಳಿಗೆ ಇಳಿಸಿದ. ಕೇಳಿದ್ದು ಸರಿ, ಕೂಡಿಸಿದ್ದು ತಪ್ಪು.

ಕನ್ನಡಿಗರಿಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದ ಗ್ರೀಕ್ ದಾಖಲೆ ಇವು ಯಾವುದೂ ಅಲ್ಲ, ಒಂದು ಪ್ರಹಸನ. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ದಿಬ್ಬಗಳನ್ನು ಅಗೆದ ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ 413ನೇ ಸಂಖ್ಯೆಯ ಪಪೈರಸ್ ಪ್ರಕಟಿಸಿದರು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖಾರಿಷನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಅಣ್ಣನೂ ಜೊತೆಗಾರರೂ ಬಿಡಿಸಿಕೊಳ್ಳುವ ಕಥೆ. ರಾಜನಿಗೂ ಅವನ ಬಂಟರಿಗೂ ಮದ್ಯ ಕುಡಿಸಿ ಮಲಗಿಸುವುದು ಉಪಾಯ. ಅದರಲ್ಲಿ ಭಾರತೀಯರು ಆಡುವ ಮಾತು ಗ್ರೀಕ್ ಲಿಪಿಯಲ್ಲಿದೆ, ಭಾಷೆ ಗ್ರೀಕ್ ಅಲ್ಲ. 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಜ್ ಅದು ಕನ್ನಡ ಇರಬಹುದು ಎಂದರು. ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿ ಇನ್ನೂ ಮುಂದೆ ಹೋಗಿ 1926ರಲ್ಲಿ ಸಾಲು ಸಾಲಿಗೆ ಕನ್ನಡ ಅರ್ಥ ಹೇಳಿದರು. ಅದೇ ವರ್ಷ ಎಲ್.ಡಿ. ಬಾರ್ನೆಟ್ ಆ ವಾದವನ್ನು ತಳ್ಳಿಹಾಕಿದರು. ಮುಂದೆ ಅದು ತುಳು ಎಂಬ ವಾದವೂ ಬಂತು.

ಅದು ಕನ್ನಡ ಎಂಬ ವಾದದ ತೊಡಕು ಎಂದರೆ, ಹಲ್ಮಿಡಿ ಶಾಸನಕ್ಕೂ ಮುನ್ನೂರು ವರ್ಷ ಹಿಂದಿನ ಕನ್ನಡ ಹೇಗಿತ್ತು ಎಂದು ಹೋಲಿಸಿ ನೋಡಲು ಬೇರೆ ಪಠ್ಯವಿಲ್ಲ. ಪದ ಒಡೆಯುವ ಜಾಗ ಬರಹದಲ್ಲಿ ಗುರುತಾಗಿಲ್ಲ. ಜೊತೆಗೆ ಇದು ನಗೆನಾಟಕ. ಪರದೇಶಿಯರನ್ನು ಅಣಕಿಸಲು ಬರೆದ ಗೊಂದಲದ ಸದ್ದೂ ಆಗಿರಬಹುದು. ಹಾಗಿದ್ದೂ ಕನ್ನಡದ ಪ್ರಾಚೀನತೆಯನ್ನು ಹೇಳುವ ಪುಸ್ತಕಗಳಲ್ಲಿ ಬಾರ್ನೆಟ್ ಅವರ ಆಕ್ಷೇಪಕ್ಕಿಂತ ಹುಲ್ಟ್ಜ್ ಅವರ ಊಹೆಗೇ ಜಾಗ ಹೆಚ್ಚು. ನಾಟಕದ ಕಥೆಯಂತೂ ಹೇಳಿದಷ್ಟೂ ಸವಿಯಾದದ್ದು.

ಪುಸ್ತಕದ ಮಾತನ್ನು ಕಲ್ಲಿನಿಂದ ಅಳೆದು ನೋಡುವ ಅವಕಾಶ ಕಲಬುರಗಿ ಜಿಲ್ಲೆಗೆ ಸಿಕ್ಕಷ್ಟು ಹೆಚ್ಚಿನ ಊರುಗಳಿಗೆ ಸಿಕ್ಕಿಲ್ಲ. ಭೀಮಾ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ಮೂರ್ತಿ ಒಡೆಯಿತು, ಅದರ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅಶೋಕನ 12 ಮತ್ತು 14ನೇ ಬಂಡೆಗಲ್ಲು ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ಪೀಠ ಮಾಡುವಾಗ ಕೊರೆದ ಕುಳಿಯಿಂದ ಕೆಲವು ಸಾಲು ನಾಶವಾಗಿವೆ. ಆ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ತಿಳಿದಿದ್ದದ್ದು ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ. ಕಳಿಂಗದ ಪ್ರಜೆಗಳಿಗೆಂದು ಬರೆಸಿದ ಮಾತು ಭೀಮಾ ತೀರದಲ್ಲಿ ಏಕಿದೆ ಎಂಬ ಪ್ರಶ್ನೆ ಇನ್ನೂ ಚರ್ಚೆಯಲ್ಲಿದೆ.

ಅಶೋಕನ ಕಥೆಯೇ ಮೂಲಗಳ ಪಾಠ. ಬೌದ್ಧ ಕಥೆಗಳು ಅವನನ್ನು ತೊಂಬತ್ತೊಂಬತ್ತು ಸೋದರರನ್ನು ಕೊಂದ ಕ್ರೂರಿ ಎಂದು ಮೊದಲು ಚಿತ್ರಿಸಿ, ಮತಾಂತರದ ನಂತರ ಧರ್ಮಾತ್ಮನನ್ನಾಗಿಸುತ್ತವೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕ ಹೆಸರು ಬರೀ ದೇವಾನಾಂಪ್ರಿಯ ಪ್ರಿಯದರ್ಶಿ. ಅವನೇ ಅಶೋಕ ಎಂದು ಮೊದಲು ತಿಳಿದದ್ದು ಸಿಂಹಳದ ಪಾಲಿ ಗ್ರಂಥಗಳಿಂದ, ಅಂದರೆ ಪುಸ್ತಕದಿಂದ. ಅವನದೇ ಶಾಸನದ ಕಲ್ಲಿನಲ್ಲಿ ಅಶೋಕ ಎಂಬ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಲ್ಲಿ ಕಲ್ಲು ಪುಸ್ತಕವನ್ನು ಎತ್ತಿಹಿಡಿಯಿತು.

ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ನಡೆಸಿದ ಉತ್ಖನನ ಇನ್ನೊಂದು ಅಚ್ಚರಿ ತಂದಿತು. ‘ಅಧೋಲೋಕ ಮಹಾಚೈತ್ಯ’ ಎಂದು ಶಾಸನಗಳೇ ಕರೆಯುವ ಸ್ತೂಪದ ಚಪ್ಪಡಿಗಳ ಮೇಲೆ ರಾಜರ ಉಬ್ಬುಚಿತ್ರಗಳೂ ಕೆಳಗೆ ಅವರ ಹೆಸರೂ ಇದ್ದವು. ರಾಣಿಯೊಂದಿಗೆ ನಿಂತ ರಾಜನ ಹೆಸರು ‘ರಾಯಾ ಅಶೋಕೊ’. ಪತ್ರಿಕೆಗಳು ಅದನ್ನು ಅಶೋಕನ ಏಕೈಕ ಭಾವಚಿತ್ರ ಎಂದವು. ಹೆಸರಿರುವ ಅಶೋಕನ ಶಿಲ್ಪವೆಂಬುದು ಸರಿ. ಆದರೆ ಅದನ್ನು ಕೆತ್ತಿದ್ದು ಅವನು ಸತ್ತು ಸುಮಾರು ಮೂರು ಶತಮಾನ ಕಳೆದ ಮೇಲೆ. ಶಿಲ್ಪಿ ಅಶೋಕನ ಮುಖವನ್ನಲ್ಲ, ತನ್ನ ಕಾಲದವರು ನೆನೆಯುತ್ತಿದ್ದ ಅಶೋಕನನ್ನು ಕಡೆದ. ಗೋಪುರದ ಮೇಲೆ ನಿಂತ ಸುಯಟೋನಿಯಸನ ನೀರೋಗೂ ಈ ಶಿಲ್ಪಕ್ಕೂ ನಂತರದ ಕಾಲದವರು ಕಟ್ಟಿದ ಚಿತ್ರ ಎಂಬಷ್ಟರಲ್ಲಿ ಹೋಲಿಕೆಯಿದೆ, ಉದ್ದೇಶದಲ್ಲಿ ಇಲ್ಲ.

ಅದೇ ಸ್ತೂಪದಲ್ಲಿ ಶಾತವಾಹನ ಅರಸರ ಸಾಲೂ ಇದೆ. ಚಿಮುಕನ 16ನೇ ವರ್ಷದ ಶಾಸನವಿದೆ. ಮಂತಲಕ, ಸುಂದರ ಸಾತಕರ್ಣಿ ಎಂಬ ಹೆಸರುಗಳಿವೆ. ಈ ಎರಡು ಹೆಸರುಗಳು ಅದುವರೆಗೆ ಗೊತ್ತಿದ್ದದ್ದು ಪುರಾಣಗಳ ರಾಜವಂಶದ ಪಟ್ಟಿಯಿಂದ. ಪುರಾಣಗಳು ಆಗಿಹೋದದ್ದನ್ನು ಮುಂದೆ ಆಗುವುದೆಂಬಂತೆ ಭವಿಷ್ಯವಾಣಿಯ ಧಾಟಿಯಲ್ಲಿ ಹೇಳುತ್ತವೆ. ಶಾತವಾಹನರಿಗೆ ಒಂದು ಪುರಾಣ ಕೊಡುವ ರಾಜರ ಸಂಖ್ಯೆಯೂ ಆಳಿದ ವರ್ಷವೂ ಇನ್ನೊಂದಕ್ಕೆ ಹೊಂದುವುದಿಲ್ಲ. ಮತ್ಸ್ಯ ಪುರಾಣ 460 ವರ್ಷ ಎನ್ನುತ್ತದೆ, ಬೇರೆ ಕೆಲವೆಡೆ ಅದು ಬಹಳ ಕಡಿಮೆ. ಇಂಥ ಪಟ್ಟಿಯಲ್ಲಿ ನಾಣ್ಯವೂ ಶಾಸನವೂ ಇಲ್ಲದ ಹೆಸರುಗಳನ್ನು ಯಾರೋ ಕವಿ ತುಂಬಿಸಿದ್ದು ಎಂದು ಅನುಮಾನಿಸುವುದು ಸಹಜವಾಗಿತ್ತು. ಕನಗನಹಳ್ಳಿಯ ಚಪ್ಪಡಿಗಳು ಆ ಅನುಮಾನದ ಒಂದು ಭಾಗವನ್ನು ಅಳಿಸಿದವು. ಹೆಸರುಗಳು ನಿಜ, ವರ್ಷದ ಲೆಕ್ಕ ಇನ್ನೂ ತೂಗುಯ್ಯಾಲೆಯಲ್ಲಿದೆ. ಪುರಾಣವನ್ನು ಪೂರಾ ನಂಬುವವರಿಗೂ ಪೂರಾ ಬಿಸಾಡುವವರಿಗೂ ಇಲ್ಲಿ ಒಂದಿಷ್ಟು ಇರುಸುಮುರುಸಿದೆ.

ರೋಮಿನ ಹೆಸರು ಕಲಬುರಗಿಯ ಚರಿತ್ರೆಯಲ್ಲಿ ಮತ್ತೆ ಕಾಣಿಸುವುದು 9ನೇ ಶತಮಾನದಲ್ಲಿ, ಅರಬ್ಬಿ ಭಾಷೆಯಲ್ಲಿ. 851ರಲ್ಲಿ ರಚನೆಯಾದ ‘ಚೀನಾ ಮತ್ತು ಹಿಂದ್ ದೇಶಗಳ ವೃತ್ತಾಂತ’, ಜಗತ್ತಿನ ದೊಡ್ಡ ರಾಜರು ನಾಲ್ವರು ಎಂದು ಎಣಿಸುತ್ತದೆ: ಅರಬರ ದೊರೆ, ಚೀನಾದ ದೊರೆ, ರೂಮ್ ದೊರೆ, ನಂತರ ಬಲ್ಹರಾ. ರೂಮ್ ಎಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ, ರೋಮಿನ ಹೆಸರನ್ನೇ ಉಳಿಸಿಕೊಂಡಿದ್ದ ಸಾಮ್ರಾಜ್ಯ. ಬಲ್ಹರಾ ಎಂದರೆ ವಲ್ಲಭರಾಜ; ರಾಷ್ಟ್ರಕೂಟರ ಬಿರುದು. ಅವರ ರಾಜಧಾನಿ ಮಾನ್ಯಖೇಟ ಇಂದಿನ ಸೇಡಂ ತಾಲ್ಲೂಕಿನ, ಕಾಗಿಣಾ ದಂಡೆಯ ಮಳಖೇಡ. ಆಗ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ.

ಜಗತ್ತಿನ ನಾಲ್ವರು ಮಹಾರಾಜರಲ್ಲಿ ನೃಪತುಂಗನೂ ಒಬ್ಬ ಎಂದು ಸುಲೈಮಾನ್ ಬರೆದಿದ್ದಾನೆ ಎಂಬ ವಾಕ್ಯ ಶಾಲಾ ಪುಸ್ತಕಗಳಿಂದ ರಾಜ್ಯೋತ್ಸವದ ಭಾಷಣದವರೆಗೆ ಓಡಾಡುತ್ತದೆ. ಮೂಲದಲ್ಲಿ ನೃಪತುಂಗನ ಹೆಸರಿಲ್ಲ, ಬಿರುದಷ್ಟೇ ಇದೆ. ಸುಲೈಮಾನ್ ಎಂಬ ವರ್ತಕನ ಹೆಸರು ಒಳಗೆ ಒಮ್ಮೆ ಬರುತ್ತದೆ. ಪುಸ್ತಕವಿಡೀ ಅವನದೆಂಬುದು ನಂತರದ ಓದುಗರು ಕಟ್ಟಿಕೊಂಡದ್ದು. ಉಳಿದಿರುವುದು ಪ್ಯಾರಿಸ್ಸಿನ ಒಂದೇ ಹಸ್ತಪ್ರತಿ. ಬಲ್ಹರಾ ಅರಬರನ್ನು ಪ್ರೀತಿಸುತ್ತಾನೆ, ಆ ಪ್ರೀತಿಯಿಂದಲೇ ಅವನ ವಂಶದವರು ಐವತ್ತು ವರ್ಷ ಆಳುತ್ತಾರೆ ಎಂಬ ಮಾತೂ ಅದರಲ್ಲಿದೆ. ಬಂದರುಗಳಲ್ಲಿ ಒಳ್ಳೆಯ ವ್ಯವಹಾರ ಕಂಡ ವರ್ತಕರು ದೊರೆಯನ್ನು ಹೊಗಳಿದ್ದು ಆಶ್ಚರ್ಯವಲ್ಲ. ಮಳಖೇಡವನ್ನು ಕಣ್ಣಾರೆ ಕಂಡವರ ಮಾತು ಇದೆಂದು ಹೇಳಲು ಬರುವುದಿಲ್ಲ. ಆದರೆ ನೃಪತುಂಗ ನಿಜಕ್ಕೂ 814ರಿಂದ 878ರವರೆಗೆ, ಅರವತ್ತನಾಲ್ಕು ವರ್ಷ ಆಳಿದ. ಕಾರಣ ಬಂದರಿನ ಮಾತು, ಆಳ್ವಿಕೆ ಶಾಸನದ ಮಾತು. ಎರಡೂ ಒಂದೇ ಸಾಲಿನಲ್ಲಿ ಹೆಣೆದುಕೊಂಡಿವೆ.

ಮೂಲಗಳ ಜಗಳ ಕಲಬುರಗಿ ನಗರದ ಒಳಗೇ ಇರುವುದು ಬಹಮನಿ ವಂಶದ ಸ್ಥಾಪಕನ ಕಥೆಯಲ್ಲಿ. ಊರಲ್ಲಿ ಎಲ್ಲರೂ ಹೇಳುವುದು ಹೀಗೆ: ಹಸನ್ ಎಂಬ ಬಡ ಯುವಕ ದೆಹಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯ ಹೊಲ ಉಳುತ್ತಿದ್ದ. ನೇಗಿಲು ಸರಪಳಿಗೆ ತೊಡಕಿಕೊಂಡು ಹೊನ್ನು ತುಂಬಿದ ಕೊಡ ಸಿಕ್ಕಿತು. ಅದನ್ನು ತಾನಿಟ್ಟುಕೊಳ್ಳದೆ ಒಡೆಯನಿಗೆ ಒಪ್ಪಿಸಿದ. ಗಂಗು ಅವನ ಜಾತಕ ನೋಡಿ, ನೀನು ರಾಜನಾಗುತ್ತೀಯೆ, ಆಗ ನನ್ನ ಹೆಸರನ್ನು ನಿನ್ನ ಹೆಸರಿನ ಜೊತೆ ಇಟ್ಟುಕೋ ಎಂದ. 1347ರಲ್ಲಿ ಸಿಂಹಾಸನ ಏರಿದ ಹಸನ್ ಮಾತು ಉಳಿಸಿಕೊಂಡ.

ಈ ಕಥೆ ಬರುವುದು ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ 17ನೇ ಶತಮಾನದ ಆರಂಭದಲ್ಲಿ ಫಿರಿಶ್ತಾ ಬರೆದ ಇತಿಹಾಸದಲ್ಲಿ. ಘಟನೆಗೂ ಬರಹಕ್ಕೂ ಇನ್ನೂರೈವತ್ತು ವರ್ಷದ ಅಂತರ. ಹಸನನ ಕಣ್ಣೆದುರೇ, 1350ರಲ್ಲಿ ‘ಫುತೂಹ್-ಉಸ್-ಸಲಾತೀನ್’ ಎಂಬ ಪರ್ಶಿಯನ್ ಕಾವ್ಯ ಮುಗಿಸಿದ ಇಸಾಮಿಯಲ್ಲಿ ಗಂಗುವೂ ಇಲ್ಲ, ನೇಗಿಲೂ ಇಲ್ಲ. ಅವನ ಹಸನ್ ಇರಾನಿನ ಪುರಾಣಪುರುಷ ಬಹಮನ್‌ನ ಕುಲದವನು. ನಾಣ್ಯಗಳ ಮೇಲಿರುವುದೂ ಬಹಮನ್ ಶಾ ಎಂಬ ಹೆಸರೇ. ಹಾಗೆಂದು ಇಸಾಮಿ ನಿಷ್ಪಕ್ಷಪಾತಿಯಲ್ಲ. ಮಹಮ್ಮದ್ ಬಿನ್ ತುಘಲಕ್ ದೆಹಲಿಯ ಜನರನ್ನು ದೌಲತಾಬಾದಿಗೆ ಸಾಗಿಸಿದಾಗ ಮುದಿ ತಾತನೊಂದಿಗೆ ಹೊರಟು, ದಾರಿಯಲ್ಲಿ ಆ ತಾತನನ್ನು ಕಳೆದುಕೊಂಡ ಹುಡುಗ ಅವನು. ತುಘಲಕ್ ಬಗ್ಗೆ ಅವನು ಬರೆದ ಪ್ರತಿ ಮಾತಿನಲ್ಲೂ ಆ ನೋವಿದೆ. ತುಘಲಕನ ವಿರುದ್ಧ ಬಂಡೆದ್ದು ಗೆದ್ದ ಹಸನ್ ಅವನಿಗೆ ಆಶ್ರಯದಾತ. ಚಕ್ರವರ್ತಿಗಳನ್ನು ಕಂಡ ಟಾಸಿಟಸನ ಕಣ್ಣನ್ನೂ ಇಸಾಮಿಯ ಕಣ್ಣನ್ನೂ ಪಕ್ಕಪಕ್ಕದಲ್ಲಿಟ್ಟು ಓದಬಹುದು.

ಗಂಗುವಿನ ಕಥೆಯನ್ನು ಊರೂರಿಗೆ ಮುಟ್ಟಿಸಿದ್ದು ಜಾನ್ ಬ್ರಿಗ್ಸ್ 1829ರಲ್ಲಿ ಪ್ರಕಟಿಸಿದ ಫಿರಿಶ್ತಾನ ಇಂಗ್ಲಿಷ್ ಅನುವಾದ. ಬಹಮನಿ–ವಿಜಯನಗರ ಯುದ್ಧಗಳಲ್ಲಿ ಸತ್ತವರನ್ನು ಲಕ್ಷಗಳಲ್ಲಿ ಎಣಿಸುವ ಅಂಕಿಗಳು ಹರಡಿದ್ದೂ ಅದರಿಂದಲೇ. 1900ರಲ್ಲಿ ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೆವೆಲ್ ಅವನ್ನು ಹೇರಳವಾಗಿ ಬಳಸಿಕೊಂಡರು. ಅಷ್ಟು ದೊಡ್ಡ ದಂಡಿಗೆ ಆ ಕಾಲದ ದಖ್ಖನ್ ಅನ್ನ ಹಾಕಬಲ್ಲದಾಗಿತ್ತೇ ಎಂದು ಕೇಳಿದವರು ಕಡಿಮೆ.

ಫಿರಿಶ್ತಾ ಮಾತ್ರ ಓದುಗರು ತಿಳಿದಷ್ಟು ಮುಗ್ಧನಲ್ಲ. ಬಹಮನ್ ಕುಲದ ಮಾತನ್ನೂ ಅವನು ಪರೀಕ್ಷಿಸಿದ್ದಾನೆ. ಅಂಥ ವಂಶಾವಳಿಯೊಂದನ್ನು ಅಹಮದ್‌ನಗರದ ಅರಮನೆಯ ಪುಸ್ತಕಭಂಡಾರದಲ್ಲಿ ತಾನೇ ನೋಡಿರುವುದಾಗಿ ಹೇಳಿ, ಹಸನ್ ದೊರೆಯಾದ ಮೇಲೆ ಹೊಗಳುಭಟರು ಹೊಸೆದದ್ದು ಅದೆಂದು ತನ್ನ ಅಭಿಪ್ರಾಯ ಸೇರಿಸಿದ್ದಾನೆ. ಆ ಅನುಮಾನ ಬಹುಮಟ್ಟಿಗೆ ನ್ಯಾಯವಾದದ್ದೇ. ಅದೇ ಅನುಮಾನವನ್ನು ಗಂಗುವಿನ ನೇಗಿಲಿನ ಮೇಲೆ ಅವನು ಹರಿಸಲಿಲ್ಲ. ಹಸನ್ ಎಲ್ಲಿಂದ ಬಂದವನು ಎಂಬ ಪ್ರಶ್ನೆಗೆ ಆಸ್ಥಾನ ಕೊಟ್ಟ ಉತ್ತರ ನಾಣ್ಯದ ಮೇಲೆ ಉಳಿಯಿತು, ಫಿರಿಶ್ತಾ ಕೊಟ್ಟದ್ದು ಜನರ ಬಾಯಲ್ಲಿ.